ಪ್ರಯೋಗಕ್ಕೆ ನಮ್ಮ ಊರು ಬೇಕಿತ್ತು, ಗುಳಿಗೆ ಹಂಚಲಿಕ್ಕೆ ಬೇಡವಾಯಿತೇ?

ಇವರಿಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ವಿಧಾನಸೌಧ, ಬೆಂಗಳೂರು.

ವಿಷಯ: ಎಚ್‌ಐವಿ ಬಾರದಂತೆ ತಡೆಯುವ ಪ್ರೆಪ್ ಗುಳಿಗೆಯನ್ನು ಎಲ್ಲ ಜಿಲ್ಲೆಗಳಲ್ಲಿ ಉಚಿತವಾಗಿ ಕೊಡುವ ಬಗ್ಗೆ (ಮತ್ತೊಮ್ಮೆ).

ಮಾನ್ಯರೇ,

ಎಚ್‌ಐವಿ ಮತ್ತು ಏಡ್ಸ್ ತಡೆ ಮತ್ತು ನಿಯಂತ್ರಣ ಕಾಯ್ದೆ, 2017 ತಮಗೆ ಗೊತ್ತೇ ಇದೆ. 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಸೋಂಕು ಹರಡದಂತೆ ತನಗೆ ಅಗತ್ಯವೆಂದು ಕಂಡ ಎಲ್ಲ ಕ್ರಮಗಳನ್ನೂ ಸರ್ಕಾರ ಕೈಗೊಳ್ಳತಕ್ಕದ್ದು ಎಂದು ಅದರ 13ನೇ ಕಲಂ ಹೇಳುವುದೂ ತಮಗೆ ಹೊಸದಲ್ಲ. ಹಾಗಾಗಿ ಕಾನೂನು ಓದಿ ಹೇಳುವ ಅಧಿಕಪ್ರಸಂಗ ನಮಗೆ ಬೇಡ. ಅಗತ್ಯ 'ಕಾಣುವುದಕ್ಕೆ' ಇನ್ನೆಷ್ಟು ವರ್ಷ ಬೇಕು, ಅಷ್ಟು ತಿಳಿಸಿದರೆ ಸಾಕು.

ನಾವು ಸೋಂಕಿನ ಅಪಾಯ ಹೆಚ್ಚಿರುವವರ ನಡುವೆ ನಡೆಯುವ ಟಿಐ ಯೋಜನೆಗಳಲ್ಲಿ, ಎಚ್‌ಐವಿ ಪರೀಕ್ಷೆ ಮತ್ತು ಆಪ್ತಸಮಾಲೋಚನೆಯ ಐಸಿಟಿಸಿ ಕೇಂದ್ರಗಳಲ್ಲಿ, ಲೈಂಗಿಕ ರೋಗಗಳಿಗೆ ಮದ್ದು ಕೊಡುವ ಸುರಕ್ಷಾ ಕ್ಲಿನಿಕ್ಕುಗಳಲ್ಲಿ ಕೆಲಸ ಮಾಡುವವರು. ಕೇಳುವುದು ಒಂದೇ: ಆ ಗುಳಿಗೆ ಕೊಡಿ.

ಬಾಗಲಕೋಟೆಯಿಂದ ಶುರು ಮಾಡೋಣ. ಒಂದು ಕಾಲಕ್ಕೆ ದೇಶದಲ್ಲೇ ಎಚ್‌ಐವಿ ಹೆಚ್ಚಿದ್ದ ಜಿಲ್ಲೆಗಳಲ್ಲಿ ಅದೂ ಒಂದು. ಸಂಶೋಧಕರು ಅಲ್ಲಿಗೆ ಬಂದದ್ದೂ ಅದಕ್ಕೇ. ಪ್ರಯೋಗಕ್ಕೆ ತಂದದ್ದು ಸೆಲ್ಯುಲೋಸ್ ಸಲ್ಫೇಟ್ ಎಂಬ ಜೆಲ್, ಶೇ 6ರ ಪ್ರಮಾಣದ್ದು. ಸಂಭೋಗಕ್ಕೆ ಮುಂಚೆ ಹೆಣ್ಣು ತಾನೇ ಒಳಗೆ ಹಾಕಿಕೊಳ್ಳುವಂಥದ್ದು. ಗಂಡಸು ಕಾಂಡೋಮ್ ಒಲ್ಲೆ ಎಂದರೂ ಅವಳ ಕೈಯಲ್ಲಿ ಒಂದು ಉಪಾಯ ಇರಲಿ ಎಂಬ ಆಸೆ. ಆಸೆಯಲ್ಲಿ ತಪ್ಪಿರಲಿಲ್ಲ. ಪ್ರಯೋಗಾಲಯದ ಕೊಳವೆಯಲ್ಲಿ ಆ ಜೆಲ್ ವೈರಸ್ಸನ್ನು ಜೀವಕೋಶಕ್ಕೆ ಅಂಟಗೊಡುತ್ತಿರಲಿಲ್ಲ. ಬಾಗಲಕೋಟೆ, ಚೆನ್ನೈ ಮತ್ತು ಆಫ್ರಿಕದ ಮೂರು ಕೇಂದ್ರಗಳಲ್ಲಿ ಒಟ್ಟು 1,398 ಹೆಣ್ಣುಮಕ್ಕಳು ಹೆಸರು ಕೊಟ್ಟರು. 2007ರ ಜನವರಿ ಕೊನೆಗೆ ಪ್ರಯೋಗ ದಿಢೀರನೆ ನಿಂತಿತು. ನಡುವೆ ತೆಗೆದ ಲೆಕ್ಕದಲ್ಲಿ ಜೆಲ್ ಬಳಸಿದವರಲ್ಲೇ ಸೋಂಕು ಹೆಚ್ಚಾಗಿ ಕಂಡಿತ್ತು. ಕೊನೆಗೆ ಎಲ್ಲ ಕೂಡಿಸಿದಾಗ ಔಷಧದ ಜೆಲ್ ಗುಂಪಿನಲ್ಲಿ 25 ಸೋಂಕು, ಹೋಲಿಕೆಗೆಂದು ಔಷಧವಿಲ್ಲದ ಹುಸಿ ಜೆಲ್ ಕೊಟ್ಟ ಗುಂಪಿನಲ್ಲಿ 16. ಈ ಅಂತರ ಆಕಸ್ಮಿಕವೂ ಇದ್ದೀತು ಎಂದಿತು ಸಂಖ್ಯಾಶಾಸ್ತ್ರ. ಜೆಲ್ ಕಾಪಾಡುತ್ತದೆ ಎನ್ನಲು ಮಾತ್ರ ಏನೂ ಉಳಿಯಲಿಲ್ಲ.

ಇದನ್ನು ಇಷ್ಟು ಉದ್ದ ಬರೆದದ್ದಕ್ಕೆ ಕಾರಣವಿದೆ. ಊರಲ್ಲಿ ಒಂದು ಮಾತು, ಮನೆಯಲ್ಲಿ ಇನ್ನೊಂದು ಮಾತು ಕೇಳುತ್ತ, ಮತ್ತೆ ಮತ್ತೆ ಬಂದು ರಕ್ತ ಕೊಟ್ಟವರು ಅವರು. ಆಗದ್ದನ್ನು ಆಗದು ಎಂದು ಜಗತ್ತಿಗೆ ತೋರಿಸಿಕೊಡಲು ತಮ್ಮ ಮೈ ಕೊಟ್ಟರು. ಆಗುವಂಥದ್ದು ಕೈಗೆ ಬಂದಾಗ ಮೊದಲ ಪಾಲು ಯಾರಿಗೆ ಸಲ್ಲಬೇಕಿತ್ತು, ಸಚಿವರೇ?

ಆಗುವಂಥದ್ದು ಬಂದು ಬಹಳ ಕಾಲವಾಯಿತು. ಟೆನೊಫೊವಿರ್ 300 ಮಿಲಿಗ್ರಾಂ, ಎಮ್ಟ್ರಿಸಿಟಬಿನ್ 200 ಮಿಲಿಗ್ರಾಂ ಕೂಡಿದ ಒಂದು ಗುಳಿಗೆ, ದಿನಕ್ಕೊಂದು. 2010ರಲ್ಲೇ ಐಪ್ರೆಕ್ಸ್ ಅಧ್ಯಯನ ಅದರ ಗುಣ ತೋರಿಸಿತು. ನಮ್ಮಲ್ಲಿ ನಡೆಯುತ್ತದೆಯೇ ಎಂಬ ಸಂಶಯವೂ ಉಳಿದಿಲ್ಲ. ಮೈಸೂರು–ಮಂಡ್ಯದಲ್ಲಿ ಲೈಂಗಿಕ ಕಾರ್ಯಕರ್ತೆಯರದೇ ಸಂಘಟನೆಯಾದ ಆಶೋದಯ ಸಮಿತಿ, ಕೋಲ್ಕತ್ತದ ಸೋನಾಗಾಚಿಯಲ್ಲಿ ದುರ್ಬಾರ್ ಸಮಿತಿ, ಒಂದೊಂದು ಕಡೆ ಆರುನೂರಕ್ಕೂ ಹೆಚ್ಚು ಮಹಿಳೆಯರಿಗೆ ಈ ಗುಳಿಗೆ ಕೊಟ್ಟು ನೋಡಿದವು. ಗುಳಿಗೆ ನುಂಗಿದರೋ ಇಲ್ಲವೋ ಎಂದು ಬರೀ ಬಾಯಿಮಾತು ಕೇಳಲಿಲ್ಲ, ರಕ್ತದಲ್ಲಿ ಔಷಧದ ಮಟ್ಟವನ್ನೇ ಅಳೆದರು. ಹೊಸ ಎಚ್‌ಐವಿ ಸೋಂಕು ಒಂದೂ ಇಲ್ಲ. ಕಾಂಡೋಮ್ ಬಳಕೆ ಕುಸಿಯಲಿಲ್ಲ. ಯೋಜನೆ ಮುಗಿಯಿತು, ವರದಿ ಪತ್ರಿಕೆಗಳಲ್ಲಿ ಅಚ್ಚಾಯಿತು. ನಾವು ಕೆಲಸ ಮಾಡುವ ಜಿಲ್ಲೆಯ ಸರ್ಕಾರಿ ಔಷಧ ಕೌಂಟರಿನಲ್ಲಿ ಇವತ್ತಿಗೂ ಆ ಗುಳಿಗೆ ಇಲ್ಲ. ದುಡ್ಡಿದ್ದವರು ಖಾಸಗಿ ವೈದ್ಯರ ಚೀಟಿ ಹಿಡಿದು ಅಂಗಡಿಯಲ್ಲಿ ಕೊಳ್ಳುತ್ತಾರೆ. ಹೊಸ ಔಷಧದ ಪ್ರಯೋಗವಾದ ಮೇಲೆ ಪ್ರಯೋಗಕ್ಕೆ ಒಳಗಾದವರಿಗೆ ಅದು ಸಿಗುವ ದಾರಿ ಇರಬೇಕು ಎಂದು 2019ರ ಕ್ಲಿನಿಕಲ್ ಟ್ರಯಲ್ಸ್ ನಿಯಮಗಳಲ್ಲಿದೆ. ಪ್ರೆಪ್ ಹೊಸ ಔಷಧವಲ್ಲ, ಆ ನಿಯಮ ಇದಕ್ಕೆ ಅನ್ವಯಿಸದು ಎಂದು ತಮ್ಮ ಕಾನೂನು ಕೋಶ ಟಿಪ್ಪಣಿ ಬರೆದೀತು. ಬರೆಯಲಿ. ಗುಳಿಗೆ ಕೊಡಿ.

ಕೊಡುವುದು ಕಷ್ಟ ಎನ್ನುವ ಅಧಿಕಾರಿಗಳಿಗಾಗಿ ಕ್ರಮ ಬರೆಯುತ್ತೇವೆ. ಮೊದಲು ಎಚ್‌ಐವಿ ಪರೀಕ್ಷೆ ನೆಗೆಟಿವ್ ಬರಬೇಕು. ಅಷ್ಟೇ ಸಾಲದು, ಕಳೆದ ಒಂದು ತಿಂಗಳಲ್ಲಿ ಜ್ವರ, ಗಂಟಲುನೋವು, ಮೈಮೇಲೆ ಗುಳ್ಳೆ ಬಂದಿತ್ತೇ ಎಂದು ಕೇಳಬೇಕು. ಸೋಂಕು ತಗುಲಿದ ಹೊಸದರಲ್ಲಿ ಪರೀಕ್ಷೆ ನೆಗೆಟಿವ್ ತೋರಿಸಬಹುದು. ಅಂಥವರಿಗೆ ಎರಡೇ ಔಷಧದ ಈ ಗುಳಿಗೆ ಶುರುಮಾಡಿದರೆ ವೈರಸ್ ಅದಕ್ಕೆ ಪಳಗಿಬಿಡುತ್ತದೆ, ಮುಂದೆ ಚಿಕಿತ್ಸೆಗೂ ತೊಡಕು. ಇದು ನಿಜವಾದ ಅಪಾಯ, ಇದಕ್ಕೆ ಆಪ್ತಸಮಾಲೋಚಕರ ಐದು ನಿಮಿಷ ಬೇಕು. ಮೂತ್ರಪಿಂಡಕ್ಕೆ ಕ್ರಿಯಾಟಿನಿನ್ ಪರೀಕ್ಷೆ, ಜೊತೆಗೆ ಹೆಪಟೈಟಿಸ್ ಬಿ ಪರೀಕ್ಷೆ. ಟೆನೊಫೊವಿರ್ ಹೆಪಟೈಟಿಸ್ ಬಿಯನ್ನೂ ಅದುಮಿಡುತ್ತದೆ, ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಯಕೃತ್ತು ಕೆರಳುತ್ತದೆ. ಒಂದು ತಿಂಗಳಿಗೆ ಮತ್ತೆ ಎಚ್‌ಐವಿ ಪರೀಕ್ಷೆ, ಆಮೇಲೆ ಮೂರು ತಿಂಗಳಿಗೊಮ್ಮೆ. ಈ ಪರೀಕ್ಷೆಗಳಲ್ಲಿ ಯಾವುದೂ ಜಿಲ್ಲಾಸ್ಪತ್ರೆಗೆ ಹೊಸದಲ್ಲ.

ಹೆಣ್ಣುಮಕ್ಕಳಿಗೆ ಪೂರ್ತಿ ರಕ್ಷಣೆ ಬರಲು ಏಳು ದಿನ ಸತತ ನುಂಗಬೇಕು, ಆಮೇಲೂ ದಿನ ತಪ್ಪಿಸುವಂತಿಲ್ಲ. ಗುದದ್ವಾರದ ಪೊರೆಯಲ್ಲಿ ಟೆನೊಫೊವಿರ್ ಶೇಖರವಾದಷ್ಟು ಯೋನಿಯ ಪೊರೆಯಲ್ಲಿ ಆಗುವುದಿಲ್ಲ. ಹಾಗಾಗಿ ಗಂಡಸರಿಗೆ ವಾರಕ್ಕೆ ನಾಲ್ಕು ಗುಳಿಗೆಯಲ್ಲಿ ಸಿಗುವ ಕಾವಲು ಹೆಂಗಸರಿಗೂ ಅಷ್ಟರಲ್ಲೇ ಸಿಗುತ್ತದೆ ಎಂದು ನೆಚ್ಚುವಂತಿಲ್ಲ. ಗಂಡಸರೊಂದಿಗೆ ಸೇರುವ ಗಂಡಸರು ಬೇಕಾದಾಗಷ್ಟೇ ನುಂಗುವ ಕ್ರಮವೂ ಇದೆ: ಸೇರುವ 2ರಿಂದ 24 ಗಂಟೆ ಮೊದಲು ಎರಡು, ಆಮೇಲೆ 24 ಗಂಟೆ ಬಿಟ್ಟು ಒಂದು, ಮತ್ತೆ 24 ಗಂಟೆ ಬಿಟ್ಟು ಒಂದು. ಹೆಂಗಸರಿಗೆ ಈ ಲೆಕ್ಕ ಹೇಳಕೂಡದು. ಹೇಳಿದವರು ಇದ್ದಾರೆ, ಅದಕ್ಕೇ ಬರೆದೆವು.

ಎಡವುವುದು ಎಲ್ಲಿ ಎಂಬುದೂ ಗೊತ್ತಿರುವ ಸಂಗತಿ. ಆಫ್ರಿಕದ ವಾಯ್ಸ್ ಅಧ್ಯಯನದಲ್ಲಿ 5,029 ಹೆಣ್ಣುಮಕ್ಕಳಿದ್ದರು. ಗುಳಿಗೆ ನುಂಗುತ್ತಿದ್ದೇವೆ ಎಂದು ಬಹುಪಾಲು ಮಂದಿ ಹೇಳಿದರು. ಅವರ ರಕ್ತ ಪರೀಕ್ಷಿಸಿದರೆ ಮೂರರಲ್ಲೊಂದು ಪಾಲಿನಷ್ಟರಲ್ಲೂ ಔಷಧವಿರಲಿಲ್ಲ. ಪ್ರಯೋಗ ಸೋತಿತು. ಅವರನ್ನು ಸುಳ್ಳುಗಾರ್ತಿಯರು ಎನ್ನುವುದು ಸುಲಭ. ಆದರೆ ಗುಳಿಗೆಯ ಡಬ್ಬಿ ಎಚ್‌ಐವಿ ಇದ್ದವರಿಗೆ ಕೊಡುವ ಎಆರ್‌ಟಿ ಔಷಧದ ಡಬ್ಬಿಯಂತೆಯೇ ಇರುತ್ತದೆ, ಅಲುಗಿಸಿದರೆ ಗಲಗಲ ಸದ್ದು. ಅತ್ತೆಯೋ ಮನೆ ಮಾಲೀಕನೋ ನೋಡಿದರೆ 'ಇವಳಿಗೆ ಕಾಯಿಲೆ' ಎಂದು ಹೊರಗೆ ಹಾಕುತ್ತಾರೆ. ಮೊದಲ ಕೆಲವು ವಾರ ಹೊಟ್ಟೆ ತೊಳಸು, ತಲೆನೋವು ಬೇರೆ. ಮೈಸೂರಿನಲ್ಲಿ ಗುಳಿಗೆ ಕೊಟ್ಟವರು, ನೆನಪಿಸಿದವರು, ತೊಳಸು ಬಂದಾಗ ಸಮಾಧಾನ ಹೇಳಿದವರು ಎಲ್ಲ ಅವರವರದೇ ಜನ. ಗೆದ್ದದ್ದು ಅಲ್ಲಿ. ಎಂಟು ತಿಂಗಳಿಗೊಮ್ಮೆ ಗೌರವಧನ ಕಾಣುವ, ಅದೇ ಸಮುದಾಯದಿಂದ ಬಂದ ಪೀರ್ ಎಜುಕೇಟರ್ ಕೈಲಿ ಈ ಕೆಲಸ ಮಾಡಿಸಬಹುದು ಎಂದುಕೊಂಡಿದ್ದರೆ ಅದನ್ನೂ ತಿದ್ದಿಕೊಳ್ಳಿ.

ಈಗ ಗುಳಿಗೆಯ ತೊಂದರೆಯೇ ಇಲ್ಲದ ಮದ್ದು ಬಂದಿದೆ. ಲೆನಕಾಪವಿರ್ ಇಂಜೆಕ್ಷನ್, ಆರು ತಿಂಗಳಿಗೊಮ್ಮೆ. 2024ರಲ್ಲಿ ಹೊರಬಂದ ಪರ್ಪಸ್ 1 ಅಧ್ಯಯನದಲ್ಲಿ ದಕ್ಷಿಣ ಆಫ್ರಿಕ ಮತ್ತು ಉಗಾಂಡದ 2,134 ಯುವತಿಯರಿಗೆ ಇದನ್ನು ಕೊಟ್ಟರು, ಸೋಂಕು ಸೊನ್ನೆ. ದಿನದ ಗುಳಿಗೆಯ 1,068 ಮಂದಿಯಲ್ಲಿ 16. ಹೊಟ್ಟೆಯ ಚರ್ಮದಡಿ ಒಂದೂವರೆ ಮಿಲಿಲೀಟರಿನ ಎರಡು ಚುಚ್ಚುಮದ್ದು, ಒಟ್ಟು 927 ಮಿಲಿಗ್ರಾಂ. ಶುರುವಿಗೆ ಮಾತ್ರ ಆ ದಿನ ಮತ್ತು ಮರುದಿನ ಎರಡೆರಡು ಗುಳಿಗೆ. ಚುಚ್ಚಿದಲ್ಲಿ ಗಂಟು ಕಟ್ಟಿ ತಿಂಗಳುಗಟ್ಟಲೆ ಇರಬಹುದು, ಮೊದಲೇ ಹೇಳದಿದ್ದರೆ ಜನ ಬೆದರುತ್ತಾರೆ. ನಮ್ಮ ನಾಡಿಗೆ ದೊಡ್ಡ ಎಚ್ಚರಿಕೆ ಕ್ಷಯದ್ದು: ರಿಫಾಂಪಿಸಿನ್ ತೆಗೆದುಕೊಳ್ಳುವವರಲ್ಲಿ ಈ ಮದ್ದಿನ ಮಟ್ಟ ಕುಸಿಯುತ್ತದೆ. ಅಮೆರಿಕದಲ್ಲಿ ವರ್ಷಕ್ಕೆ 28,218 ಡಾಲರ್ ಬೆಲೆ ಕಟ್ಟಿರುವ ಇದನ್ನು 2027ರಿಂದ ವರ್ಷಕ್ಕೆ 40 ಡಾಲರಿಗೆ, ಅಂದರೆ ಮೂರೂವರೆ ಸಾವಿರ ರೂಪಾಯಿಯ ಆಸುಪಾಸಿಗೆ, ತಯಾರಿಸಿ ಕೊಡುತ್ತೇವೆ ಎಂದಿರುವವರು ಯಾರು? ಡಾ. ರೆಡ್ಡೀಸ್ ಮತ್ತು ಹೆಟೆರೊ. ಎರಡೂ ಹೈದರಾಬಾದಿನವು, ರಾಯಚೂರಿನಿಂದ ಬಸ್ಸು ಹತ್ತಿದರೆ ಅರ್ಧ ದಿನದ ದಾರಿ. ನಮ್ಮ ಭಯ ಹೇಳಿಬಿಡುತ್ತೇವೆ. ಇಂಜೆಕ್ಷನ್ ಬರುತ್ತದಲ್ಲ, ಅಲ್ಲಿವರೆಗೆ ಗುಳಿಗೆ ಯಾಕೆ ಎಂದು ತಮ್ಮ ಕಡತ ಮತ್ತೊಂದು ನಿದ್ದೆಗೆ ಜಾರುತ್ತದೆ. ಇಂಜೆಕ್ಷನ್ ಬರುವ ತನಕ ಗುಳಿಗೆ ಕೊಡಿ.

ಸೋಂಕಿನ ಭಯ ಎದುರಾದ ಮೇಲೆ ಕೊಡುವ ಪಿಇಪಿ ಕಥೆಯೂ ಹೇಳಬೇಕು. ಅತ್ಯಾಚಾರಕ್ಕೆ ಒಳಗಾದವಳಿಗೆ, ಸೂಜಿ ಚುಚ್ಚಿಕೊಂಡ ನರ್ಸಿಗೆ 72 ಗಂಟೆಯೊಳಗೆ ಮೊದಲ ಡೋಸು ಬೀಳಬೇಕು, ಎಷ್ಟು ಬೇಗವೋ ಅಷ್ಟು ಒಳ್ಳೆಯದು, ಆಮೇಲೆ 28 ದಿನ. ಲೆಕ್ಕ ಹಾಕಿ. ಘಟನೆ ಶನಿವಾರ ರಾತ್ರಿ ಹತ್ತಕ್ಕೆ. ಭಾನುವಾರ ಎಆರ್‌ಟಿ ಕೇಂದ್ರಕ್ಕೆ ಬೀಗ. ಸೋಮವಾರ ಹಬ್ಬದ ರಜೆ. ಮಂಗಳವಾರ ತಾಲ್ಲೂಕಿನಿಂದ ಜಿಲ್ಲೆಗೆ ಬಸ್ಸು, ಒಪಿಡಿ ಚೀಟಿ, 'ಪೊಲೀಸ್ ಕಾಗದ ತಂದಿದ್ದೀರಾ' ಎಂಬ ಪ್ರಶ್ನೆ, ಊಟದ ವಿರಾಮ. ರಾತ್ರಿ ಹತ್ತಕ್ಕೆ ಗಡುವು ಮುಗಿಯಿತು. ತುರ್ತು ವಾರ್ಡಿನ ಕಪಾಟಿನಲ್ಲಿ ನಾಲ್ಕಾರು ದಿನದ ಗುಳಿಗೆ, ಕೀಲಿ ರಾತ್ರಿಪಾಳಿ ಸಿಸ್ಟರ್ ಹತ್ತಿರ, ಇಷ್ಟೇ ಬೇಕಾದದ್ದು. ಕೀಲಿ ಔಷಧ ವಿತರಕರ ಜೇಬಿನಲ್ಲಿ ಊರಿಗೆ ಹೋಗಬಾರದು.

ಪ್ರೆಪ್ ಸಿಫಿಲಿಸ್ ತಡೆಯುವುದಿಲ್ಲ, ಗೊನೋರಿಯಾ ತಡೆಯುವುದಿಲ್ಲ. ಸುರಕ್ಷಾ ಕ್ಲಿನಿಕ್ಕಿನಲ್ಲಿ ಒಂದೊಂದು ತೊಂದರೆಗೆ ಒಂದೊಂದು ಬಣ್ಣದ ಔಷಧ ಕಿಟ್ಟುಗಳು ಅದಕ್ಕೇ ಇವೆ. ಬಿಳಿ ಕಿಟ್ಟಿನಲ್ಲಿ ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್. ಹಾಲಿನಂತೆ ಗಟ್ಟಿ, ಸಣ್ಣ ಸೂಜಿಯಲ್ಲಿ ಕಟ್ಟಿಕೊಳ್ಳುತ್ತದೆ, ಕಲಸಿದ ಕೂಡಲೇ ದಪ್ಪ ಸೂಜಿಯಲ್ಲಿ ಎರಡೂ ಪೃಷ್ಠಕ್ಕೆ ಅರ್ಧರ್ಧ ಆಳವಾಗಿ ಕೊಡಬೇಕು. ಅಲರ್ಜಿಯಾದೀತು ಎಂದು ಹೆದರಿ ಎಷ್ಟೋ ಕಡೆ ಚುಚ್ಚುವುದೇ ಇಲ್ಲ, ನೀಲಿ ಕಿಟ್ಟಿನ ಡಾಕ್ಸಿಸೈಕ್ಲಿನ್ ಗುಳಿಗೆ ಕೊಟ್ಟು ಕಳಿಸುತ್ತಾರೆ. ಬಸುರಿಗೆ ಅದನ್ನು ಕೊಡುವಂತಿಲ್ಲ, ಹೊಟ್ಟೆಯ ಕೂಸನ್ನು ಸಿಫಿಲಿಸ್‌ನಿಂದ ಉಳಿಸುವುದು ಪೆನಿಸಿಲಿನ್ ಒಂದೇ. ಅಲರ್ಜಿಯಾದರೆ ಕೂಡಲೇ ಚುಚ್ಚಲು ಟ್ರೇಯಲ್ಲಿ ಅಡ್ರಿನಲಿನ್ ಇಡಿ, ಸಿಬ್ಬಂದಿಗೆ ಅರ್ಧ ದಿನ ತರಬೇತಿ ಕೊಡಿ, ಭಯ ಹೋಗುತ್ತದೆ. ಸೇರಿದ 72 ಗಂಟೆಯೊಳಗೆ ಡಾಕ್ಸಿಸೈಕ್ಲಿನ್ 200 ಮಿಲಿಗ್ರಾಂ ನುಂಗಿದರೆ ಸಿಫಿಲಿಸ್, ಕ್ಲಮೀಡಿಯಾ ತಗ್ಗುತ್ತವೆ ಎಂಬುದು ಅಮೆರಿಕದ ಗಂಡಸರಲ್ಲಿ ಸಾಬೀತಾಗಿದೆ. ಕೀನ್ಯದ ಹೆಣ್ಣುಮಕ್ಕಳಲ್ಲಿ ಆ ಲಾಭ ಕಾಣಲಿಲ್ಲ. ಪರೀಕ್ಷಿಸಿದ ತಲೆಗೂದಲಿನ ಹೆಚ್ಚಿನ ಮಾದರಿಗಳಲ್ಲಿ ಔಷಧದ ಸುಳಿವೇ ಸಿಗಲಿಲ್ಲ. ಮತ್ತದೇ ಡಬ್ಬಿ, ಅದೇ ಅತ್ತೆ.

'ಗುಳಿಗೆ ಕೊಟ್ಟರೆ ಕಾಂಡೋಮ್ ಬಿಡುತ್ತಾರೆ' ಎಂಬ ಮಾತನ್ನು ಸಭೆಗಳಲ್ಲಿ ಕೇಳಿ ಕೇಳಿ ಸಾಕಾಗಿದೆ. ಹೆಲ್ಮೆಟ್ ಕೊಟ್ಟರೆ ಬ್ರೇಕ್ ಹಿಡಿಯುವುದಿಲ್ಲ ಎಂದು ಸಾರಿಗೆ ಇಲಾಖೆ ಯಾವತ್ತಾದರೂ ಹೇಳಿದೆಯೇ? ಮೈಸೂರಿನ ಲೆಕ್ಕ ಮೇಲೆ ಬರೆದಿದ್ದೇವೆ, ಇನ್ನೊಮ್ಮೆ ಓದಿಕೊಳ್ಳಿ.

ನಮ್ಮ ಕೋರಿಕೆ, ಮತ್ತೆ: ಪ್ರೆಪ್ ಗುಳಿಗೆ ಮೊದಲು ಮೈಸೂರು, ಮಂಡ್ಯ, ಬಾಗಲಕೋಟೆಯಲ್ಲಿ, ಈ ಹಣಕಾಸು ವರ್ಷದೊಳಗೆ ಉಳಿದ ಜಿಲ್ಲೆಗಳಲ್ಲಿ. ಕೇಂದ್ರದಿಂದ ಬರಲಿ ಎಂದು ಕಾಯುವುದಾದರೆ ಕಾಯುವವರೆಗೆ ರಾಜ್ಯದ ಹಣದಲ್ಲಿ. ಹಿಂದಿನ ಮನವಿಗಳಿಗೆ 'ಪರಿಶೀಲಿಸಿ ಕ್ರಮ ಕೈಗೊಳ್ಳಲಾಗುವುದು' ಎಂಬ ಉತ್ತರ ಬಂದಿದೆ, ಅದನ್ನು ಜೋಪಾನವಾಗಿ ಫೈಲಿನಲ್ಲಿ ಇಟ್ಟಿದ್ದೇವೆ, ಇನ್ನೊಂದು ಪ್ರತಿ ಬೇಡ. ಈ ಸಲ ಉತ್ತರದ ಬದಲು ಔಷಧ ತರಿಸುವ ಬೇಡಿಕೆ ಪತ್ರದ, ಅಂದರೆ ಇಂಡೆಂಟಿನ, ನಕಲು ಕಳಿಸಿ: ಎಷ್ಟು ಗುಳಿಗೆ, ಯಾವ ಜಿಲ್ಲೆಗೆ, ಯಾವ ತಾರೀಖಿಗೆ.

ಇತಿ,
ಎಚ್‌ಐವಿ ತಡೆ ಕೆಲಸದ ಆಪ್ತಸಮಾಲೋಚಕರು ಮತ್ತು ಕ್ಷೇತ್ರ ಕಾರ್ಯಕರ್ತರು