ಎನ್‌ಸಿ ಹಿಂಬರಹದ ಮೇಲೆ ಕೊನೆಯ ದಿನಾಂಕ ಬರೆಸಿ: ಗೃಹ ಸಚಿವರಿಗೆ ಬಹಿರಂಗ ಪತ್ರ

ಸನ್ಮಾನ್ಯ ಗೃಹ ಸಚಿವರೇ,

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ತಾಲ್ಲೂಕು ಕೋರ್ಟುಗಳಲ್ಲಿ ಕ್ರಿಮಿನಲ್ ಪ್ರಕರಣ ನಡೆಸುವ ವಕೀಲರು ನಾವು. ಚಳಿಗಾಲದ ಅಧಿವೇಶನಕ್ಕೆ ತಾವು ಸುವರ್ಣ ವಿಧಾನಸೌಧಕ್ಕೆ ಬರುತ್ತೀರಿ. ಆಗ ಮನವಿಗಳ ಕಟ್ಟಿನಲ್ಲಿ ಈ ವಿಷಯ ಕಳೆದುಹೋಗಬಾರದೆಂದು ಬಹಿರಂಗವಾಗಿಯೇ ಬರೆಯುತ್ತಿದ್ದೇವೆ. ಮುಖ್ಯವಾಗಿ ಕೇಳುವುದು ಒಂದು. ಠಾಣೆಯಲ್ಲಿ ಅಸಂಜ್ಞೇಯ ಅಪರಾಧದ (ಎನ್‌ಸಿ), ಅಂದರೆ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆ ಮಾಡುವಂತಿಲ್ಲದ ಅಪರಾಧದ, ದೂರು ಕೊಟ್ಟವರಿಗೆ ಕೈಗಿಡುವ ಹಿಂಬರಹದ ಮೇಲೆ, ಅವರು ಕೋರ್ಟಿಗೆ ಹೋಗಲು ಇರುವ ಕೊನೆಯ ದಿನಾಂಕವನ್ನು ಬರೆದು ಕೊಡಬೇಕು. ಇದಕ್ಕೆ ಹೊಸ ಕಾಯ್ದೆ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು.

ಆ ಹಿಂಬರಹ ಹೇಗಿರುತ್ತದೆ ನೋಡಿ. ಅರ್ಧ ಹಾಳೆ. ಮೇಲೆ ಠಾಣೆಯ ಹೆಸರು, ಎನ್‌ಸಿ ನಂಬರು, ತಾರೀಖು. ನಡುವೆ, ಇದು ಅಸಂಜ್ಞೇಯ ಅಪರಾಧವಾದ್ದರಿಂದ ನ್ಯಾಯಾಲಯದಲ್ಲಿ ಪರಿಹಾರ ಪಡೆದುಕೊಳ್ಳಿ ಎಂಬ ಅರ್ಥದ ಎರಡು ಸಾಲು. ಕೆಳಗೆ ಸಹಿ, ದುಂಡು ಶಿಕ್ಕೆ. ಶಿಕ್ಕೆ ಇದೆ, ನಂಬರಿದೆ, ಹಾಗಾದರೆ ಕೇಸು ದಾಖಲಾಯಿತು ಎಂದೇ ಜನ ತಿಳಿಯುತ್ತಾರೆ. 'ಠಾಣೇದಾಗ ಎನ್‌ಸಿ ಮಾಡ್ಯಾರ್ರೀ' ಎಂದು ಸಮಾಧಾನದಿಂದ ಹೇಳುತ್ತಾರೆ. ಹಾಳೆಯನ್ನು ಹೊಲದ ಉತಾರದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿಟ್ಟು ಟ್ರಂಕಿಗೆ ಸೇರಿಸುತ್ತಾರೆ. ಆದರೆ ಆ ಹಾಳೆ ಕಾಲಮಿತಿಯ ಗಡಿಯಾರವನ್ನು ಒಂದು ಗಳಿಗೆಯೂ ನಿಲ್ಲಿಸುವುದಿಲ್ಲ.

ಕಾನೂನು ಹೀಗಿದೆ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಕಲಂ 514ರ ಪ್ರಕಾರ, ಕೋರ್ಟಿಗೆ ಹೋಗಲು ಇರುವ ಕಾಲಮಿತಿ ಬರೀ ದಂಡದ ಅಪರಾಧಕ್ಕೆ ಆರು ತಿಂಗಳು, ಒಂದು ವರ್ಷದವರೆಗಿನ ಜೈಲುಶಿಕ್ಷೆಯ ಅಪರಾಧಕ್ಕೆ ಒಂದು ವರ್ಷ, ಒಂದರಿಂದ ಮೂರು ವರ್ಷದವರೆಗಿನ ಶಿಕ್ಷೆಯದಕ್ಕೆ ಮೂರು ವರ್ಷ. ಈ ಅವಧಿ ಮೀರಿದ ಮೇಲೆ ಕೋರ್ಟು ಪ್ರಕರಣ ಕೈಗೆತ್ತಿಕೊಳ್ಳುವಂತಿಲ್ಲ. ಮೂರು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಕ್ಕೆ ಈ ಮಿತಿಯೇ ಇಲ್ಲ. 1973ರ ದಂಡ ಪ್ರಕ್ರಿಯಾ ಸಂಹಿತೆಯ ಕಲಂ 468ರಲ್ಲೂ ಇದೇ ಲೆಕ್ಕವಿತ್ತು. 2024ರ ಜುಲೈ 1ರಿಂದ ಬಂದ ಹೊಸ ಸಂಹಿತೆ ಒಂದು ವಿವರಣೆಯನ್ನು ಸೇರಿಸಿತು: ಕಲಂ 223ರಡಿ ಕೋರ್ಟಿಗೆ ಫಿರ್ಯಾದು ಸಲ್ಲಿಸಿದ ದಿನ ಅಥವಾ ಕಲಂ 173ರಡಿ ಠಾಣೆಯಲ್ಲಿ ಮಾಹಿತಿ ದಾಖಲಾದ ದಿನವನ್ನೇ ಲೆಕ್ಕಕ್ಕೆ ಹಿಡಿಯಬೇಕು. ಒಳ್ಳೆಯ ವಿವರಣೆ, ಎಫ್‌ಐಆರ್ ಆದವರಿಗೆ ಇದರಿಂದ ನೆಮ್ಮದಿ. ಆದರೆ ಎನ್‌ಸಿ ದೂರು ದಾಖಲಾಗುವುದು ಕಲಂ 174ರಡಿ. ವಿವರಣೆಯಲ್ಲಿ ಆ ಸಂಖ್ಯೆ ಇಲ್ಲ. ನಮ್ಮ ತಕರಾರಿನ ಮೂಲ ಇಲ್ಲಿದೆ.

ನಮ್ಮ ಕಡೆ ಎನ್‌ಸಿಗೆ ಹೋಗುವವು ಎಂಥವು? ಬದುವಿನ ಜಗಳ, ಹೊಲದ ದಾರಿಯ ಜಗಳ, ಕಾಲುವೆ ನೀರಿನ ಪಾಳಿಯ ಜಗಳ. ಕೈಯಿಂದ ಹೊಡೆದು ಸಾದಾ ಗಾಯ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ (ಹಳೆಯ ದಂಡ ಸಂಹಿತೆಯ ಜಾಗಕ್ಕೆ ಬಂದದ್ದು) ಕಲಂ 115(2), ಗರಿಷ್ಠ ಒಂದು ವರ್ಷದ ಶಿಕ್ಷೆ, ಹಾಗಾಗಿ ಒಂದೇ ವರ್ಷದ ಮಿತಿ. ಕೆಣಕುವಂತೆ ಬೈದು ಅವಮಾನಿಸಿದರೆ 352, ಸಾದಾ ಬೆದರಿಕೆಗೆ 351(2). ಇವೆರಡಕ್ಕೂ ಎರಡು ವರ್ಷದ ಶಿಕ್ಷೆ ಇರುವುದರಿಂದ ಮೂರು ವರ್ಷದ ಮಿತಿ. ಕೊಲ್ಲುತ್ತೇನೆಂಬ ಬೆದರಿಕೆ 351(3)ರಲ್ಲಿ ಬಂದು ಏಳು ವರ್ಷದವರೆಗೆ ಹೋಗುವುದರಿಂದ ಅದಕ್ಕೆ ಮಿತಿಯಿಲ್ಲ. ಒಂದೇ ಜಗಳದಲ್ಲಿ ನಾಲ್ಕು ಕಲಂ ಕೂಡಿ ವಿಚಾರಣೆಗೆ ಬರುವಂತಿದ್ದರೆ, ಹೆಚ್ಚು ಶಿಕ್ಷೆಯ ಕಲಮಿನ ಮಿತಿಯೇ ಎಲ್ಲಕ್ಕೂ ಅನ್ವಯ. ಠಾಣೆಯಲ್ಲಿ ದೂರು ಬರೆದುಕೊಳ್ಳುವವರು 'ಬೆದರಿಕೆ ಹಾಕಿದರು' ಎಂದಷ್ಟೇ ಬರೆದು, ಏನೆಂದು ಬೆದರಿಸಿದರು ಎಂಬುದನ್ನು ಬಿಟ್ಟರೆ ಎಷ್ಟು ವ್ಯತ್ಯಾಸವಾಗುತ್ತದೆಂದು ಇದರಿಂದಲೇ ತಿಳಿಯುತ್ತದೆ. ಆಡಿದ ಮಾತನ್ನು ಆಡಿದ ಹಾಗೆಯೇ ಬರೆದುಕೊಳ್ಳಬೇಕು, ಅದು ಎಷ್ಟೇ ಹೊಲಸಿರಲಿ.

ಗಾಯದ ವಿಷಯದಲ್ಲಿ ತಪ್ಪು ಇನ್ನೂ ಸುಲಭವಾಗಿ ಆಗುತ್ತದೆ. ಹೊಡೆತ ತಿಂದವರು ತಾಲ್ಲೂಕು ಆಸ್ಪತ್ರೆಗೆ ಹೋಗುತ್ತಾರೆ. ಗಾಯದ ಪ್ರಮಾಣಪತ್ರ ಬರುವ ಮೊದಲೇ ಠಾಣೆಯಲ್ಲಿ 115(2) ಎಂದು ಎನ್‌ಸಿ ಆಗಿರುತ್ತದೆ. ಆಮೇಲೆ ಎಕ್ಸ್‌ರೇಯಲ್ಲಿ ಬೆರಳಿನ ಮೂಳೆ ಮುರಿದದ್ದು ಕಂಡರೆ ಅದು ತೀವ್ರ ಗಾಯ. ಒಂದು ಹಲ್ಲು ಮುರಿದರೂ ತೀವ್ರ ಗಾಯವೇ. ಹದಿನೈದು ದಿನ ವಿಪರೀತ ನೋವು ತಿಂದರೂ, ದಿನದ ಕೆಲಸಕ್ಕೆ ಏಳಲಾಗದೆ ಮಲಗಿದರೂ ತೀವ್ರ ಗಾಯ. ಹಳೆಯ ದಂಡ ಸಂಹಿತೆಯಲ್ಲಿ ಇದು ಇಪ್ಪತ್ತು ದಿನವಿತ್ತು, ನ್ಯಾಯ ಸಂಹಿತೆಯ ಕಲಂ 116 ಹದಿನೈದಕ್ಕೆ ಇಳಿಸಿತು. ತೀವ್ರ ಗಾಯವೆಂದರೆ 117(2), ಏಳು ವರ್ಷದವರೆಗಿನ ಶಿಕ್ಷೆ, ಸಂಜ್ಞೇಯ (ಪೊಲೀಸರೇ ನೇರವಾಗಿ ತನಿಖೆ ಮಾಡಬಹುದಾದದ್ದು), ಮಿತಿಯಿಲ್ಲ. ಕುಡಗೋಲು, ಕೊಡಲಿ ಬಳಸಿದ್ದರೆ ಗಾಯ ಸಣ್ಣದಿದ್ದರೂ 118(1), ಅದೂ ಸಂಜ್ಞೇಯ, ಮೂರು ವರ್ಷದ ಮಿತಿ. ಇವುಗಳಲ್ಲಿ ಎಫ್‌ಐಆರ್ ಆಗಬೇಕು. ಆದರೆ ಪ್ರಮಾಣಪತ್ರ ಬಂದ ಮೇಲೆ ಹಳೆಯ ಎನ್‌ಸಿಯನ್ನು ತೆಗೆದು ನೋಡುವ ಪದ್ಧತಿ ಇಲ್ಲದಿದ್ದರೆ, ಮೂಳೆ ಮುರಿದವನ ದೂರು ಎನ್‌ಸಿ ಪುಸ್ತಕದಲ್ಲೇ ಉಳಿಯುತ್ತದೆ. ಗಾಯದ ಪ್ರಮಾಣಪತ್ರ ಠಾಣೆಗೆ ಬಂದ ದಿನವೇ ಎನ್‌ಸಿ ಪುಸ್ತಕದ ಆ ನಮೂದಿನ ಎದುರು ಠಾಣಾಧಿಕಾರಿ ಸಹಿ ಮಾಡಿ, ಕಲಂ ಬದಲಾಗಬೇಕೋ ಬೇಡವೋ ಬರೆಯುವ ವ್ಯವಸ್ಥೆ ಆಗಲಿ.

ತೋಟದ ಹಾನಿಯ ಲೆಕ್ಕ ನಮ್ಮ ಜಿಲ್ಲೆಗಳಿಗೆ ಇನ್ನಷ್ಟು ಹತ್ತಿರದ್ದು. ವಿಜಯಪುರದ ದ್ರಾಕ್ಷಿ ಸೀಮೆಯಲ್ಲಿ ಯಾರೋ ರಾತ್ರಿ ಬಂದು ಡ್ರಿಪ್ ಪೈಪು ಕತ್ತರಿಸಿ ಹೋದರು ಅಂದುಕೊಳ್ಳಿ. ಸಾದಾ ನಷ್ಟವೆಂದು ಬರೆದರೆ 324(2), ಆರು ತಿಂಗಳ ಶಿಕ್ಷೆ, ಒಂದು ವರ್ಷದ ಮಿತಿ. ನಷ್ಟ ಇಪ್ಪತ್ತು ಸಾವಿರದಿಂದ ಒಂದು ಲಕ್ಷದೊಳಗಿದ್ದರೆ 324(4), ಎರಡು ವರ್ಷದ ಶಿಕ್ಷೆ, ಮೂರು ವರ್ಷದ ಮಿತಿ. ಒಂದು ಲಕ್ಷ ಮುಟ್ಟಿದರೆ 324(5), ಐದು ವರ್ಷ, ಮಿತಿಯಿಲ್ಲ. ಪೈಪು ಕತ್ತರಿಸಿದ್ದರಿಂದ ಬೆಳೆಗೆ ನೀರು ಕಡಿಮೆಯಾಗಿದ್ದರೆ ಕಲಂ 326(ಎ) ಇದೆ. ಕೃಷಿಯ ನೀರಿಗೆ ಕೊರತೆ ಮಾಡುವ ಅಪರಾಧಕ್ಕೆ ಐದು ವರ್ಷದವರೆಗೆ ಶಿಕ್ಷೆ. ರೈತನ ಬಾಯಿಯಿಂದ ಬರುವುದು 'ಪೈಪು ಕೊಯ್ದಾರ' ಎಂಬ ಎರಡೇ ಮಾತು. ಎಷ್ಟು ಮೀಟರು ಪೈಪು, ಎಷ್ಟು ಸಾಲಿಗೆ ನೀರು ನಿಂತಿತು, ಬೆಲೆ ಎಷ್ಟು ಎಂದು ಕೇಳಿ ಬರೆದುಕೊಳ್ಳಬೇಕಾದವರು ಠಾಣೆಯವರು. ಕೇಳದೆ ಬಿಟ್ಟರೆ ಐದು ವರ್ಷದ ಅಪರಾಧ ಆರು ತಿಂಗಳದ್ದಾಗಿ, ಹನ್ನೆರಡು ತಿಂಗಳಿಗೆ ಸತ್ತುಹೋಗುತ್ತದೆ.

ಎನ್‌ಸಿ ಸಿಕ್ಕವರು ಮಾಡಬೇಕಾದದ್ದು ದೊಡ್ಡದಲ್ಲ, ಅವರಿಗೆ ಗೊತ್ತಿರಬೇಕಷ್ಟೆ. ಆ ಠಾಣೆಯ ವ್ಯಾಪ್ತಿಯ ಜೆಎಂಎಫ್‌ಸಿ (ಪ್ರಥಮ ದರ್ಜೆ ನ್ಯಾಯಿಕ ಮ್ಯಾಜಿಸ್ಟ್ರೇಟ್) ಕೋರ್ಟಿಗೆ, ಅದು ಅಥಣಿಯಿರಲಿ, ಜಮಖಂಡಿಯಿರಲಿ, ಇಂಡಿಯಿರಲಿ, ಎರಡು ದಾರಿಯಲ್ಲಿ ಹೋಗಬಹುದು. ಒಂದು, ತನಿಖೆಗೆ ಅನುಮತಿ. ಕಲಂ 174(2)ರ ಪ್ರಕಾರ ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ಎನ್‌ಸಿ ತನಿಖೆ ಮಾಡುವಂತಿಲ್ಲ. ಅನುಮತಿಯನ್ನು ಮನಸ್ಸಿಟ್ಟು ಪರಿಶೀಲಿಸಿ ಬರೆಯಬೇಕು, 'ಅನುಮತಿಸಿದೆ' ಎಂಬ ಒಂದೇ ಪದ ಸಾಲದು ಎಂದು ನಮ್ಮ ಹೈಕೋರ್ಟು ಹೇಳಿದೆ. ಆ ದೋಷಕ್ಕೇ ರದ್ದಾದ ಪ್ರಕರಣಗಳಿವೆ. ರದ್ದಾಗುವಷ್ಟರಲ್ಲಿ ವರ್ಷ ಕಳೆದಿರುತ್ತದೆ. ಎರಡನೆಯದು ಖಾಸಗಿ ಫಿರ್ಯಾದು, ಕಲಂ 223. ಕಾಲಮಿತಿಯ ದೃಷ್ಟಿಯಿಂದ ನಾವು ಇದನ್ನೇ ಭದ್ರವೆನ್ನುತ್ತೇವೆ. ಫಿರ್ಯಾದಿನ ಜೊತೆ ಹಿಂಬರಹದ ಪ್ರತಿ, ಗಾಯದ ಪ್ರಮಾಣಪತ್ರ, ಸಾಕ್ಷಿಗಳ ಹೆಸರುಪಟ್ಟಿ ಇಟ್ಟು ಸಲ್ಲಿಸಿ, ಸಲ್ಲಿಸಿದ ತಾರೀಖಿನ ಗುರುತು ಪಡೆದುಕೊಳ್ಳಬೇಕು. ಪ್ರಮಾಣ ಹೇಳಿಕೆ ನಾಲ್ಕು ತಿಂಗಳ ಮೇಲೆ ಆದರೂ, ಹೊಸ ಸಂಹಿತೆಯಂತೆ ಆರೋಪಿಗೆ ನೋಟಿಸು ಕೊಟ್ಟು ಕೇಳುವುದರಲ್ಲಿ ಇನ್ನಷ್ಟು ದಿನ ಹೋದರೂ ಚಿಂತೆಯಿಲ್ಲ. ಎಣಿಕೆಗೆ ಬರುವುದು ಫಿರ್ಯಾದು ಸಲ್ಲಿಸಿದ ದಿನ. ಹೊಸ ಸಂಹಿತೆಗೂ ಮೊದಲೇ, 2013ರಲ್ಲಿ, ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಸಾರಾ ಮ್ಯಾಥ್ಯೂ ಪ್ರಕರಣದಲ್ಲಿ ಇದನ್ನು ಸ್ಪಷ್ಟಪಡಿಸಿದೆ.

ಕೊನೆಯ ದಿನಾಂಕ ಎಣಿಸುವುದು ಪೊಲೀಸರಿಗೆ ಹೊರೆ ಎಂದು ಯಾರಾದರೂ ತಮಗೆ ಹೇಳಿದರೆ, ಎಣಿಕೆ ಹೀಗಿದೆ. ಘಟನೆ 10-1-2025ರಂದು, ಕಲಂ 115(2). ಘಟನೆಯ ದಿನ ಬಿಡಬೇಕು. 11-1-2025ರಿಂದ ಎಣಿಸಿದರೆ ಒಂದು ವರ್ಷ 10-1-2026ಕ್ಕೆ ಮುಗಿಯುತ್ತದೆ. ಅಂದು ಎರಡನೇ ಶನಿವಾರ, ಮರುದಿನ ಭಾನುವಾರ. ಕೋರ್ಟು ಮುಚ್ಚಿದ ದಿನ ಅವಧಿ ಮುಗಿದರೆ ತೆರೆದ ದಿನ ಸಲ್ಲಿಸಬಹುದೆಂದು ಕಲಂ 517 ಹೇಳುತ್ತದೆ, ಹಾಗಾಗಿ ಸೋಮವಾರ 12-1-2026 ಕೊನೆ. ಆದರೂ ಹಿಂಬರಹದಲ್ಲಿ 10-1-2026 ಎಂದೇ ಬರೆಯಲಿ, ರಜೆಯ ಭರವಸೆಯ ಮೇಲೆ ಯಾರೂ ಕೂರಬಾರದು. ಆರೋಪಿ ಯಾರೆಂದೇ ಗೊತ್ತಿಲ್ಲದಿದ್ದರೆ ಗೊತ್ತಾದ ದಿನದಿಂದ ಎಣಿಕೆ ಎಂಬ ಒಂದು ಸಾಲು ಸೇರಿಸಿದರೆ ಆಯಿತು.

ಜನ ನಂಬಿ ಕೆಡುವ ಕೆಲವು ಲೆಕ್ಕಗಳಿವೆ. ಹಿರಿಯರು ಕೂತು ಪಂಚಾಯ್ತಿ ಮಾಡಿದ ದಿನಗಳು, ತಹಶೀಲ್ದಾರ್ ಕಚೇರಿಗೆ ಅಲೆದ ದಿನಗಳು, ಎಸ್‌ಪಿ ಕಚೇರಿಗೆ ಅರ್ಜಿ ಹಾಕಿ ಕಾದ ದಿನಗಳನ್ನು ಕಾಲಮಿತಿಯ ಎಣಿಕೆಯಿಂದ ಕಳೆಯುವುದಿಲ್ಲ. ಅಧಿಕಾರವಿಲ್ಲದ ಬೇರೆ ಕೋರ್ಟಿನಲ್ಲಿ ಪ್ರಾಮಾಣಿಕವಾಗಿ ಪ್ರಕರಣ ನಡೆಸಿದ ಕಾಲ, ತಡೆಯಾಜ್ಞೆಯ ಕಾಲ, ಸರ್ಕಾರದ ಅನುಮತಿಗೆ ಹಿಡಿದ ಕಾಲ, ಇವನ್ನು ಎಣಿಕೆಯಿಂದ ಕಳೆಯಲಾಗುತ್ತದೆ. ಆರೋಪಿ ಕಬ್ಬಿನ ಹಂಗಾಮಿಗೆ ಸಾಂಗ್ಲಿ, ಕೊಲ್ಹಾಪುರದ ಕಡೆ ಗುಳೆ ಹೋಗಿದ್ದಾನೆ, ಬಂದ ಮೇಲೆ ನೋಡೋಣ ಎಂದು ಕಾಯುವವರಿದ್ದಾರೆ. ದೇಶ ಬಿಟ್ಟು ಹೋಗಿದ್ದರೆ ಅಥವಾ ಬಂಧನ ತಪ್ಪಿಸಲು ತಲೆಮರೆಸಿಕೊಂಡಿದ್ದರೆ ಮಾತ್ರ ಆ ಕಾಲ ಬಿಡಲಾಗುತ್ತದೆ. ದುಡಿಯಲು ಪಕ್ಕದ ರಾಜ್ಯಕ್ಕೆ ಹೋದದ್ದು ಇದಕ್ಕೆ ಬರುವುದಿಲ್ಲ.

ಗಂಡನ ಮನೆಯ ಕಿರುಕುಳದ ದೂರುಗಳನ್ನು ಠಾಣೆಯಲ್ಲಿ ಮೊದಲು 'ಅರ್ಜಿ' ಎಂದು ತೆಗೆದುಕೊಂಡು ಎರಡೂ ಕಡೆಯವರನ್ನು ಕರೆಸುವ ರೂಢಿಯಿದೆ. ಅರ್ಜಿ ನಂಬರು ಎಫ್‌ಐಆರ್ ಅಲ್ಲ. ಈ ಕಿರುಕುಳಕ್ಕೆ ಅನ್ವಯಿಸುವ ನ್ಯಾಯ ಸಂಹಿತೆಯ ಕಲಂ 85ಕ್ಕೆ ಮೂರು ವರ್ಷದ ಮಿತಿ. ಕಿರುಕುಳ ಮುಂದುವರಿದಷ್ಟು ಕಾಲ ಎಣಿಕೆ ಹೊಸದಾಗಿ ಶುರುವಾಗುತ್ತಲೇ ಇರುತ್ತದೆ ನಿಜ, ಆದರೆ ತವರಿಗೆ ಬಂದು ಕೂತ ಹೆಣ್ಣುಮಗಳಿಗೆ ಕೊನೆಯ ಘಟನೆಯ ದಿನವೇ ಮುಖ್ಯವಾಗುತ್ತದೆ. ರಾಜಿ ಮಾಡಿಸುವುದು ಬೇಡವೆಂದು ನಾವು ಹೇಳುತ್ತಿಲ್ಲ. ಆ ನಂಬರಿನಿಂದ ಕಾಲ ನಿಲ್ಲುವುದಿಲ್ಲ ಎಂಬುದನ್ನು ಅವಳಿಗೆ ಬಾಯಿಬಿಟ್ಟು ಹೇಳಲಿ.

ಅವಧಿ ಮೀರಿದ ಮೇಲೂ ಕಲಂ 519ರಡಿ ಕೋರ್ಟು ಪ್ರಕರಣ ತೆಗೆದುಕೊಳ್ಳಬಹುದಲ್ಲ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಹೌದು, ವಿಳಂಬಕ್ಕೆ ಸರಿಯಾದ ಕಾರಣವಿದ್ದರೆ ಅಥವಾ ನ್ಯಾಯದ ಹಿತಕ್ಕೆ ಬೇಕೆನಿಸಿದರೆ. ಆದರೆ ಅದಕ್ಕೆ ಅಫಿಡವಿಟ್ಟಿನೊಂದಿಗೆ ಬೇರೆ ಅರ್ಜಿ, ತಾರೀಖುವಾರು ವಿವರಣೆ, ಆರೋಪಿಗೆ ನೋಟಿಸು, ಕಾರಣ ಬರೆದ ಆದೇಶ ಎಲ್ಲ ಬೇಕು. ಆದೇಶ ಅನುಕೂಲವಾದರೂ ಆರೋಪಿ ಅದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬಹುದು, ಬೆಳಗಾವಿ, ಬಾಗಲಕೋಟೆಯವರಿಗೆ ಹೈಕೋರ್ಟಿನ ಧಾರವಾಡ ಪೀಠ, ವಿಜಯಪುರದವರಿಗೆ ಕಲಬುರಗಿ ಪೀಠ. ಇಷ್ಟು ಖರ್ಚು, ಇಷ್ಟು ಓಡಾಟ ಯಾರಿಗೆ ಸಾಧ್ಯ? 'ನನಗೆ ಗೊತ್ತಿರಲಿಲ್ಲ' ಎಂಬ ಕಾರಣವನ್ನು ಎಲ್ಲ ಕೋರ್ಟುಗಳೂ ಒಪ್ಪುವುದಿಲ್ಲ.

ಕಾಲಮಿತಿಯನ್ನೇ ತೆಗೆಯಿರಿ ಎಂದು ನಾವು ಕೇಳುತ್ತಿಲ್ಲ. ಸಣ್ಣ ಜಗಳದ ದೂರನ್ನು ಹತ್ತು ವರ್ಷ ಜೇಬಿನಲ್ಲಿಟ್ಟುಕೊಂಡು, ಪಂಚಾಯ್ತಿ ಚುನಾವಣೆ ಬಂದಾಗ ಹೊರತೆಗೆಯುವುದಕ್ಕೆ ಕಾನೂನು ಅವಕಾಶ ಕೊಡಬಾರದು. ಸಾಕ್ಷಿಯ ನೆನಪು ಮಾಸುತ್ತದೆ, ಆರೋಪಿಗೂ ಬದುಕಿದೆ. ಮಿತಿ ಇರಲಿ, ಅದು ಎರಡೂ ಕಡೆಯವರಿಗೆ ಗೊತ್ತಿರಲಿ. ಈಗ ಅದು ಗೊತ್ತಿರುವುದು ಆರೋಪಿಯ ವಕೀಲರಿಗೆ ಮಾತ್ರ.

ಸುತ್ತೋಲೆಯ ಜೊತೆಗೆ ಇನ್ನೆರಡು ಕೆಲಸ ತಮ್ಮಿಂದ ಆಗಬೇಕು. ಎನ್‌ಸಿಗಳ ದಿನಚರಿ ವರದಿಯನ್ನು ಹದಿನೈದು ದಿನಕ್ಕೊಮ್ಮೆ ಮ್ಯಾಜಿಸ್ಟ್ರೇಟರಿಗೆ ಕಳಿಸಬೇಕೆಂದು ಹೊಸ ಸಂಹಿತೆಯ ಕಲಂ 174 ಹೇಳುತ್ತದೆ. ಆ ವರದಿಯಲ್ಲಿ ಕಾಲಮಿತಿ ಮುಗಿಯುವ ದಿನಾಂಕಕ್ಕೆ ಒಂದು ಕಾಲಂ ಹಾಕಿಸಿ. ಇನ್ನೊಂದು, ಕಲಂ 514ರ ವಿವರಣೆಗೆ 174ನ್ನು ಸೇರಿಸುವ ರಾಜ್ಯ ತಿದ್ದುಪಡಿ. ಕ್ರಿಮಿನಲ್ ಪ್ರಕ್ರಿಯೆ, ಕೇಂದ್ರ ಮತ್ತು ರಾಜ್ಯ ಎರಡೂ ಕಾನೂನು ಮಾಡಬಹುದಾದ ಸಮವರ್ತಿ ಪಟ್ಟಿಯಲ್ಲಿದೆ, ರಾಷ್ಟ್ರಪತಿಗಳ ಅಂಕಿತ ಪಡೆದು ರಾಜ್ಯ ಇದನ್ನು ಮಾಡಬಹುದು. ಕಾನೂನು ಸಚಿವರೊಂದಿಗೆ ಮಾತಾಡಿ, ಬೆಳಗಾವಿ ಅಧಿವೇಶನದಲ್ಲೇ ಮಸೂದೆ ತನ್ನಿ. ಅದು ಆಗುವವರೆಗೆ ಹಿಂಬರಹದ ಕೆಳಗೆ ಈ ನಾಲ್ಕು ಸಾಲು ಅಚ್ಚಾಗಲಿ, ದಪ್ಪ ಅಕ್ಷರದಲ್ಲಿ:

'ಇದು ಎಫ್‌ಐಆರ್ ಅಲ್ಲ. ಈ ಅಪರಾಧದ ಬಗ್ಗೆ ನೀವು ________ ಜೆಎಂಎಫ್‌ಸಿ ನ್ಯಾಯಾಲಯದಲ್ಲಿ ಫಿರ್ಯಾದು ಸಲ್ಲಿಸಲು ಕೊನೆಯ ದಿನಾಂಕ ________. ಆರೋಪಿ ಯಾರೆಂದು ಗೊತ್ತಿಲ್ಲದಿದ್ದರೆ, ಗೊತ್ತಾದ ದಿನದಿಂದ ಅವಧಿ ಎಣಿಸಲಾಗುವುದು. ಉಚಿತ ಕಾನೂನು ನೆರವಿಗೆ ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಅಥವಾ 15100 ಸಂಖ್ಯೆಯನ್ನು ಸಂಪರ್ಕಿಸಿ.'

ತಮ್ಮ ವಿಶ್ವಾಸಿಗಳು,
ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳ ವಕೀಲರು