ದೊಡ್ಡಪ್ಪನ ಕಂಪನಿ, ಮೆಲ್ಲಿಯ ಬ್ಯಾಂಡ್

ದೀಪಾವಳಿ ಸಂಚಿಕೆ ನಾಳೆ ಬೆಳಿಗ್ಗೆ ಪ್ರಿಂಟಿಗೆ ಹೋಗಬೇಕು. ಈಗ ರಾತ್ರಿ ಹನ್ನೊಂದೂವರೆ. ಈ ತಿಂಗಳು ನಮ್ಮ ಕನ್ನಡ ಕೂಟದ ಹಿರಿಯ ದಂಪತಿ ಲಿವರ್‌ಪೂಲ್ ಬಿಟ್ಟು ಧಾರವಾಡಕ್ಕೆ ಹೊರಟರು, ಇನ್ನು ಅಲ್ಲೇ ಇರುತ್ತಾರೆ. ಮನೆ ಖಾಲಿ ಮಾಡುವಾಗ ಪುಸ್ತಕ ಹಂಚಿದರು, ನನ್ನ ಪಾಲಿಗೆ ಬಂದಿದ್ದು ಜಾರ್ಜ್ ಮೆಲ್ಲಿಯ ಆತ್ಮಕಥೆಗಳು.

ಮೆಲ್ಲಿ ಇದೇ ಲಿವರ್‌ಪೂಲಿನ ಜಾಝ್ ಗಾಯಕರು. 1926ರಲ್ಲಿ ಹುಟ್ಟಿ ಸೆಫ್ಟನ್ ಪಾರ್ಕ್ ಹತ್ತಿರ ಬೆಳೆದವರು. ಕಣ್ಣು ಕುಕ್ಕುವ ಪಟ್ಟೆ ಸೂಟು, ಅಗಲ ಟೋಪಿ, ಬಾಯಲ್ಲಿ ಅಮೆರಿಕದ ಬ್ಲೂಸ್ ಗಾಯಕಿ ಬೆಸ್ಸಿ ಸ್ಮಿತ್ ಹಾಡು. ಜೊತೆಗೆ 'ಅಬ್ಸರ್ವರ್' ಪತ್ರಿಕೆಗೆ ಸಿನಿಮಾ, ಟಿವಿ ವಿಮರ್ಶೆ ಬೇರೆ. ಬದುಕನ್ನು ಅವರು ಹಿಂದುಮುಂದಾಗಿ ಬರೆದರು. ಮೊದಲು 1965ರಲ್ಲಿ 'ಓನಿಂಗ್ ಅಪ್', ಮಿಕ್ ಮಲ್ಲಿಗನ್ ಅವರ ಜಾಝ್ ಬ್ಯಾಂಡಿನ ಜೊತೆ ಊರೂರು ಸುತ್ತಿದ ಕಥೆ. 1977ರಲ್ಲಿ ಅದಕ್ಕೂ ಹಿಂದಿನ ನೌಕಾಪಡೆಯ ದಿನಗಳ ಪುಸ್ತಕ. 1984ರಲ್ಲಿ 'ಸ್ಕೌಸ್ ಮೌಸ್', ಲಿವರ್‌ಪೂಲಿನ ಬಾಲ್ಯ. ಗಂಡಸರ ಜೊತೆಗಿನ ಪ್ರೀತಿಯನ್ನೂ ಕುಡಿತವನ್ನೂ ಮುಚ್ಚಿಡಲಿಲ್ಲ. ನನಗೆ ತುಂಬ ಹಿಡಿಸಿದ್ದು ಮೊದಲನೆಯದು.

ಯಾಕೆಂದರೆ ಅದನ್ನು ಓದುವಾಗ ದೊಡ್ಡಪ್ಪ ನೆನಪಾದರು. ಅವರು ನಾಟಕ ಕಂಪನಿಯಲ್ಲಿ ಹಾರ್ಮೋನಿಯಂ ಬಾರಿಸುತ್ತಿದ್ದರು. ಜಾತ್ರೆ ಎಲ್ಲಿದೆಯೋ ಅಲ್ಲಿಗೆ ಪರದೆ, ಪೆಟ್ಟಿಗೆ, ಕಲಾವಿದರು, ಮಕ್ಕಳುಮರಿ ಎಲ್ಲ ಒಂದೇ ಲಾರಿಯಲ್ಲಿ. ಬೇಸಿಗೆ ರಜೆಯಲ್ಲಿ ನಮ್ಮನ್ನು ಜಗಲಿ ಮೇಲೆ ಕೂರಿಸಿಕೊಂಡು ಹೇಳುತ್ತಿದ್ದರು: ಮಳೆ ಬಂದು ಥಿಯೇಟರಿನ ತಗಡು ಹಾರಿದ್ದು, ಕಲೆಕ್ಷನ್ ಇಲ್ಲದೆ ಮೂರು ದಿನ ಬರೀ ಅವಲಕ್ಕಿ ತಿಂದಿದ್ದು, ಭೀಮನ ಪಾತ್ರದವನು ಜ್ವರದಲ್ಲಿ ಮಲಗಿದಾಗ ಅಡುಗೆಯವನಿಗೇ ಗದೆ ಕೊಟ್ಟು ನಿಲ್ಲಿಸಿದ್ದು, ಅವನು ಮಾತು ಮರೆತಾಗಲೆಲ್ಲ ಇವರು ಪೆಟ್ಟಿಗೆಯಲ್ಲಿ ಸ್ವರ ಎಳೆದು ಕಾಪಾಡಿದ್ದು. ಕಥೆ ಮುಗಿಯುವ ಹೊತ್ತಿಗೆ ದೊಡ್ಡಮ್ಮ ಬಂದು 'ಸಾಕು ಬಿಡಿ, ಹುಡುಗರು ನಿದ್ದೆ ಮಾಡಲಿ' ಅನ್ನುತ್ತಿದ್ದರು. ನಾವು ಕದಲುತ್ತಿರಲಿಲ್ಲ. ದೊಡ್ಡಪ್ಪ ಈಗಿಲ್ಲ. ಕಂಪನಿಯ ಹೆಸರು, ಊರುಗಳ ಹೆಸರು ಮನೆಯಲ್ಲಿ ಯಾರಿಗೂ ಸರಿಯಾಗಿ ನೆನಪಿಲ್ಲ.

ಮೆಲ್ಲಿಗೂ ಕೊನೆಗೆ ಮರೆವಿನ ಕಾಯಿಲೆ ಬಂತು. 2007ರಲ್ಲಿ, 80ನೇ ವಯಸ್ಸಿನಲ್ಲಿ ತೀರಿಕೊಂಡರು. ಆದರೆ ಅಷ್ಟರೊಳಗೆ ಎಲ್ಲ ಬರೆದಾಗಿತ್ತು. ಮುಪ್ಪಿನ ಬಗ್ಗೆಯೂ 2005ರಲ್ಲಿ 'ಸ್ಲೋಯಿಂಗ್ ಡೌನ್' ಅಂತ ಒಂದು ಪುಸ್ತಕ ಬಂದಿತ್ತು. ಹಾಗಾಗಿ ಐವತ್ತರ ದಶಕದ ಆ ಅಗ್ಗದ ಲಾಡ್ಜುಗಳು, ತಣ್ಣಗಿನ ಡ್ಯಾನ್ಸ್ ಹಾಲುಗಳು, ಬ್ಯಾಂಡಿನವರ ಜಗಳಗಳು ನನ್ನಂಥವಳಿಗೂ ಸಿಕ್ಕವು.

ನಮ್ಮಲ್ಲೂ ಎಷ್ಟೊಂದು ಜನ ಇದ್ದೀರಿ, ಅಲ್ವಾ? ಎಪ್ಪತ್ತರ ದಶಕದಲ್ಲಿ ಇಲ್ಲಿನ ಆಸ್ಪತ್ರೆಗೆ ಬಂದ ಡಾಕ್ಟರುಗಳು, ಮೊದಲ ಚಳಿಗಾಲ ಕಂಡ ಅಮ್ಮಂದಿರು. ದಯವಿಟ್ಟು ಬರೆಯಿರಿ. ಬರೆಯಲು ಆಗದಿದ್ದರೆ ಫೋನಿನಲ್ಲಿ ಮಾತಾಡಿ ರೆಕಾರ್ಡ್ ಕಳಿಸಿ, ಟೈಪ್ ನಾನು ಮಾಡುತ್ತೇನೆ.

ಇನ್ನು ಸೂಚನೆಗಳು, ಜಾಗ ಕಮ್ಮಿ ಇದೆ. ರಾಜ್ಯೋತ್ಸವ ನವೆಂಬರ್ ಮೊದಲ ಶನಿವಾರ, ಹೋದ ವರ್ಷದ ಹಾಲಿನಲ್ಲೇ, ಸಂಜೆ 4ಕ್ಕೆ. ಊಟಕ್ಕೆ ಹೆಸರು ಕೊಡಿ, ಬಿಸಿಬೇಳೆಬಾತ್ ಲೆಕ್ಕ ಹಾಕಬೇಕು. ಮಕ್ಕಳ ಕನ್ನಡ ತರಗತಿ ಭಾನುವಾರದಿಂದ ಮತ್ತೆ ಶುರು, ಒಬ್ಬರು ಟೀಚರ್ ಬೇಕು. ಸದಸ್ಯತ್ವದ ಹಣ ಬಾಕಿ ಇರುವವರು ಖಜಾಂಚಿಗೆ ಕಳಿಸಿ. ಮತ್ತೆ, ಮುಂದಿನ ಸಂಚಿಕೆಗೆ ಪುಟ ಜೋಡಿಸಲು, ಕರಡು ತಿದ್ದಲು ಯಾರಾದರೂ ಇಬ್ಬರು ಕೈಜೋಡಿಸಿ, ಒಬ್ಬಳಿಂದ ಇನ್ನು ಆಗುತ್ತಿಲ್ಲ. ಸಂಕ್ರಾಂತಿ ಸಂಚಿಕೆಗೆ ಲೇಖನ ಡಿಸೆಂಬರ್ 15ರೊಳಗೆ ಬರಲಿ.