ಸಸ್ತನಿ ಪಾಠದ ಬಗ್ಗೆ ಮೂರನೇತ್ತಾ ಮಕ್ಕಳ ಪಾಲಕರಿಗೆ

ಎಲ್ಲಾ ಪಾಲಕರಿಗೂ ನಮಸ್ಕಾರ್ರಿ,

ಮೊನ್ನೆ ಸಂಜಿಮುಂದ ಒಬ್ಬ ಅಜ್ಜಿ ಮೊಮ್ಮಗಳ ಕೈ ಹಿಡಕೊಂಡು ಸೀದಾ ನನ್ನ ಆಫೀಸಿಗೇ ಬಂದ್ರು. ಕುಂದರ್ರಿ ಅಂದ್ರೂ ಕುಂದರಲಿಲ್ಲ, "ನಮ್ಮ ಹುಡುಗಿಗೆ ನೀ ಪ್ರಾಣಿ ಅದಿ ಅಂತ ಕಲಸೀರಂತ, ಇದೇನ್ ಸಾಲಿನೋ ದನದ ಮನಿನೋ" ಅಂದ್ರು. ನಾ ಹೌದಬೇ ಯಮ್ಮಾ, ಕಲಸೇವಿ, ನಾನೂ ಅದೇ ಗುಂಪಿನಾವ ಅಂದೆ. ನಕ್ರು, ಚಾ ಕುಡದು ಹೋದ್ರು ಖರೆ, ಆದ್ರ ಉಳದವ್ರ ಮನ್ಯಾಗೂ ಈ ಮಾತ ನಡದಿರಬೇಕು ಅಂತ ಇದನ್ನ ಬರ್ಯಾಕತ್ತೇನಿ.

ಮರಿಗೆ ಹಾಲ ಕುಡಿಸೋ ಪ್ರಾಣಿ, ಅಂದ್ರ ಸಸ್ತನಿ, ನಾವೂ ಅದರಾಗ ಒಬ್ರು ಅನ್ನೂದು ಈ ಪಾಠ. ಬಾಯಿಪಾಠ ಮಾಡಿಸಿದ್ರ ಒಂದ ದಿನದಾಗ ಮುಗೀತಿತ್ತು. ನಮ್ಮ ಟೀಚರು ಹಂಗ ಮಾಡಲಿಲ್ಲ. ಕ್ಷೀರಭಾಗ್ಯದ ಹಾಲು ಕುಡಿಯೋ ಹೊತ್ತಿನಾಗ, ಈ ಹಾಲು ಯಾರದು ಹೇಳ್ರಿ ಅಂತ ಕೇಳಿದ್ರು. "ಸರಕಾರದ್ದು ಟೀಚರ್!" ಅಂತ ಇಡೀ ಕ್ಲಾಸ ಕೂಗ್ತು. 2013ರಿಂದ ಸಾಲ್ಯಾಗ ಹಾಲ ಕೊಡಾಕತ್ತಾರ, ಮಕ್ಕಳದ್ದೇನ ತಪ್ಪಿಲ್ಲ ಬಿಡ್ರಿ. ಆದ್ರ ಅದು ಕರಕ್ಕ ಸೇರಿದ ಹಾಲು ಅಂತ ಒಬ್ರಿಗೂ ಹೊಳೀಲಿಲ್ಲ, ಮನ್ಯಾಗ ಎಮ್ಮಿ ಇದ್ದವ್ರಿಗೂ.

ಮರುದಿನ ಎಲ್ಲಾರನ್ನೂ ಸಾಲಿ ಹಿಂದಿನ ಮನಿಗೆ ಕರಕೊಂಡ ಹೋದ್ವಿ, ಅಲ್ಲಿ ಎಮ್ಮಿ ಈದು ನಾಕ ದಿನ ಆಗಿತ್ತು. ಕರ ಇನ್ನೂ ಕಾಲ ನಡಗಸ್ಕೋತ ನಿಂತು, ಬಾಲ ಅಳ್ಳಾಡಸ್ಕೋತ, ಹಣಿಲೆ ಕೆಚ್ಚಲಕ್ಕ ಗುದ್ದಿ ಗುದ್ದಿ ಕುಡ್ಯಾಕತ್ತಿತ್ತು, ಬಾಯಿ ಸುತ್ತ ಬಿಳಿ ನೊರಿ. ಒಬ್ಬಾಂವ "ಅವ್ವಗ ಯಾಕ ಹೊಡೀತೈತ್ರಿ ಅದು?" ಅಂದ. ಆ ಮನಿ ಅಕ್ಕಾರು, ಗುದ್ದಿದ್ರನ ಎಮ್ಮಿ ಸೊರ ಬಿಡೂದಪಾ ಅಂತ ಹೇಳಿದ್ರು, ನಾ ಹೇಳಿದ್ರ ಇಷ್ಟ ಛಲೋ ಆಗ್ತಿರಲಿಲ್ಲ. ಗಿಣ್ಣದ ಮಾತೂ ಬಂತು. ಮೊದಲ ದಿನದ ಆ ದಪ್ಪನ ಹಾಲಿನಾಗ ಕರಕ್ಕ ರೋಗ ಬರದಂಗ ಕಾಯೋ ಶಕ್ತಿ ಇರ್ತೈತಿ, ಅದಕ್ಕ ಅದರ ಹೊಟ್ಟಿ ತುಂಬಿದ ಮ್ಯಾಲೆ ನಮಗ ಅಂದ್ವಿ. ಗಿಣ್ಣ ಅಂದ್ರ ನಂಗೂ ಜೀವ, ಏನ್ ಮಾಡೂದು.

ಅಲ್ಲಿಂದ ಮಕ್ಕಳು ತಾವ ಗುಂಪು ಮಾಡಾಕ ಹತ್ತಿದ್ರು. ಹಾಲ ಕುಡಿಸ್ತೈತಿ, ಮೈಮ್ಯಾಲೆ ಕೂದಲ ಐತಿ ಅಂದ್ರ ನಮ್ಮ ಗುಂಪು. ಕೋಳಿ ಹೊರಗ, ಯಾಕಂದ್ರ ಮರಿ ಹುಟ್ಟಿದ ದಿನಾನ ತಾನ ಕೆದರಿ ತಿಂತೈತಿ. ಬಾವಲಿಗೆ ದೊಡ್ಡ ಜಗಳಾನ ಆತು, ಹಾರತೈತಲ್ರಿ ಹಕ್ಕಿ ಅಂತ ಅರ್ಧ ಕ್ಲಾಸು. ರೆಕ್ಕಿ ಚಿತ್ರ ತೋರಿಸಿದ್ವಿ, ಪುಚ್ಚ ಇಲ್ಲ, ನಮ್ಮಂಗ ಬೆರಳಿನ ಎಲುಬು, ಅದರ ನಡಕ ತೊಗಲು, ಮರಿ ಹಾಕಿ ಹಾಲ ಕುಡಿಸ್ತೈತಿ. ಆಮ್ಯಾಲೆ ಕುರಿ ಕಾಯೋರ ಮನಿ ಹುಡುಗ ಒಬ್ಬಾಂವ ಸಣ್ಣ ದನಿಲೆ, "ಕಪ್ಪತಗುಡ್ಡದ ತ್ವಾಳಾನೂ ಮರಿಗೆ ಹಾಲ ಕುಡಿಸ್ತೈತೇನ್ರಿ ಸರ್?" ಅಂದ. ಕುಡಿಸ್ತೈತಪಾ ಅಂದೆ. ಬಾಳ ಹೊತ್ತ ಸುಮ್ಮನ ಕುಂತಿದ್ದ.

ಈಗ ನನ್ನ ಮುಖ್ಯ ವಿಷಯ. ಸಸ್ತನಿ ಅಂದ್ರ ಮೊಲಿ ಇರೋ ಪ್ರಾಣಿ, ಶಬ್ದದಾಗನ ಐತಿ. ಮಕ್ಕಳು ಮನಿಗೆ ಬಂದು "ಯವ್ವಾ, ನಾನೂ ನಿನ್ನ ಮೊಲಿ ಕುಡದೇನೇನು" ಅಂತ ಕೇಳತಾರ. ಥೂ, ಹಂಗೆಲ್ಲಾ ಮಾತಾಡಬಾರದು ಅಂತ ಬಾಯಿ ಮುಚ್ಚಸಬ್ಯಾಡ್ರಿ. ಹೌದು, ಇಷ್ಟ ತಿಂಗಳ ಕುಡದಿ, ಹಲ್ಲ ಬಂದ ಮ್ಯಾಲೆ ಕಚ್ಚತಿದ್ದಿ ಅಂತ ಹೇಳ್ರಿ, ಅಪ್ಪಾರೂ ಎದ್ದ ಹೊರಗ ಹೋಗಬ್ಯಾಡ್ರಿ. ಮಕ್ಕಳಿಗೆ ಅದರಾಗ ನಾಚಿಕಿ ಇಲ್ಲ, ನಾಚಿಕಿ ನಾವ ಕಲಿಸೂದು.

ಮನ್ಯಾಗ ಎಮ್ಮಿ, ಆಡು ಇದ್ದವ್ರು ಮಕ್ಕಳಿಗೆ ಹಾಲ ಹಿಂಡೂದು ತೋರಸ್ರಿ. ಆಡು ಐದ ತಿಂಗಳಿಗೆ ಈಯತೈತಿ, ಎಮ್ಮಿಗೆ ಹತ್ತ ತಿಂಗಳ ಬೇಕು, ಇದನ್ನ ನಿಮ್ಮ ಅಜ್ಜಾರನ್ನ ಕೇಳಿ ಬರಕೊಂಡ ಬರ್ರಿ ಅಂತ ಹೇಳೇವಿ. ಮರಿ ಹಾಕಿದ ಬೀದಿನಾಯಿ ಹತ್ರ ಮಾತ್ರ ಬಿಡಬ್ಯಾಡ್ರಿ, ಕಚ್ಚಿದ್ರ ತಕ್ಷಣ ಸಬಕಾರ ಹಚ್ಚಿ ಹರಿಯೋ ನೀರಾಗ ಹದಿನೈದ ನಿಮಿಷ ತೊಳದು, ತಡಾ ಮಾಡದ ದವಾಖಾನಿಗೆ ಹೋಗಿ ಸೂಜಿ ಹಾಕಸ್ರಿ.

ಬರೋ ಶನಿವಾರ ಬಿಂಕದಕಟ್ಟಿ ಜೂಗೆ ಕರಕೊಂಡ ಹೊಂಟೇವಿ. ರೊಟ್ಟಿ ಬುತ್ತಿ, ನೀರಿನ ಬಾಟ್ಲಿ ಸಾಕು, ಕುರಕುರೆ ಪಾಕೀಟ ಬ್ಯಾಡ. ಜೋಡಿ ಬರೋ ತಾಯಂದ್ರು ಇಬ್ರು ಬೇಕಾಗ್ಯಾರ, ಗುರುವಾರದೊಳಗ ಹೆಸರ ಹೇಳ್ರಿ. ಆ ಅಜ್ಜಿ ಆಗಲೇ ತಮ್ಮ ಹೆಸರ ಬರಸ್ಯಾರ.

ಇಂತಿ ನಿಮ್ಮ
ಹೆಡ್ ಮಾಸ್ತರ